ಸೀಕ್ವೆನ್ಸರ್ ಮತ್ತು ಕಂಪ್ಯೂಟರ್ ಒಂದೇ ಲಯಕ್ಕೆ ಬರದಿದ್ದರೆ: ಮಿಡಿ ಸಿಂಕ್ ಸರಿಪಡಿಸುವ ಬಗೆ

ಹಾರ್ಡ್‌ವೇರ್ ಸೀಕ್ವೆನ್ಸರನ್ನೋ (ಬರೆದಿಟ್ಟ ಸ್ವರಗಳನ್ನು ತಾನಾಗಿ ನುಡಿಸುವ ಯಂತ್ರ) ಡ್ರಮ್ ಮಷಿನನ್ನೋ ಕಂಪ್ಯೂಟರಿಗೆ ಜೋಡಿಸಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಎರಡರಲ್ಲೂ ಟೆಂಪೋ 120 ಅಂತಲೇ ಇದೆ. ಆದರೂ ಕಿಕ್ (ದೊಡ್ಡ ಡ್ರಮ್ಮಿನ ಹೊಡೆತ) ಎರಡೆರಡು ಸಲ ಬಿದ್ದ ಹಾಗೆ ಕೇಳುತ್ತದೆ. ಏನು ಮಾಡಲಿ?"

ಸಿಗುವ ಸಲಹೆಗಳು ಹಲವು. ಬಫರ್ ಕಡಿಮೆ ಮಾಡಿ, ಕೇಬಲ್ ಬದಲಿಸಿ, ಹೊಸ ಇಂಟರ್‌ಫೇಸ್ ಕೊಳ್ಳಿ. ಒಂದೊಂದೂ ಯಾವುದೋ ಒಂದು ಸಂದರ್ಭಕ್ಕೆ ಸರಿಯೇ. ಆದರೆ ನಿಮ್ಮ ತೊಂದರೆ ಯಾವ ಬಗೆಯದು ಅಂತ ಗೊತ್ತಾಗುವ ಮೊದಲೇ ಸುಮ್ನೆ ಒಂದೊಂದನ್ನೇ ಮಾಡುತ್ತಾ ಹೋದರೆ ಹಣವೂ ಹೋಗುತ್ತದೆ, ತಾಳ್ಮೆಯೂ ಹೋಗುತ್ತದೆ. ಮೊದಲು ಅಳೆಯಿರಿ, ಆಮೇಲೆ ಕೈಹಾಕಿ. ಈ ಬರಹದ ಕ್ರಮ ಅದೇ.

ತೊಂದರೆ ಮೂರು ಬಗೆ

ಲೇಟೆನ್ಸಿ ಅಂದರೆ ಒಂದೇ ಸಮನಾದ ತಡ. ಪ್ರತಿ ಹೊಡೆತವೂ, ಉದಾಹರಣೆಗೆ, 9 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಇದು ಸುಲಭದ್ದು. ಒಂದು ಸಂಖ್ಯೆ ಹಾಕಿದರೆ ಸರಿಹೋಗುತ್ತದೆ.

ಜಿಟ್ಟರ್ ಅಂದರೆ ಅಲುಗಾಟ. ಒಂದು ಹೊಡೆತ 3 ಮಿಲಿಸೆಕೆಂಡ್ ತಡ, ಮುಂದಿನದು 12, ಅದರ ಮುಂದಿನದು 6. ಯಾವ ಸಂಖ್ಯೆ ಹಾಕಿದರೂ ಇದು ಸರಿಹೋಗುವುದಿಲ್ಲ. ಕಾರಣವನ್ನೇ ಹುಡುಕಿ ತೆಗೆಯಬೇಕು.

ಡ್ರಿಫ್ಟ್ ಅಂದರೆ ದೂರ ಸರಿಯುತ್ತಾ ಹೋಗುವುದು. ಮೊದಲ ನಿಮಿಷ ಚೆನ್ನಾಗಿರುತ್ತದೆ, ಐದನೇ ನಿಮಿಷಕ್ಕೆ ಎರಡೂ ಬೇರೆ ಬೇರೆ ದಾರಿ ಹಿಡಿದಿರುತ್ತವೆ.

ಜನ ಮೂರಕ್ಕೂ "ಟೈಮಿಂಗ್ ಸರಿಯಿಲ್ಲ" ಅಂತಲೇ ಹೇಳುತ್ತಾರೆ. ಸಲಹೆಗಳು ತಾಳೆಯಾಗದಿರುವುದು ಅದಕ್ಕೇ.

ಮಿಡಿ ಕ್ಲಾಕ್ ಹೇಗೆ ಕೆಲಸ ಮಾಡುತ್ತದೆ

ಮಿಡಿ ಅಂದರೆ ಸಂಗೀತ ಸಾಧನಗಳು ಒಂದಕ್ಕೊಂದು ಸಂದೇಶ ಕಳಿಸುವ ಭಾಷೆ. ಅದು ಬಂದದ್ದು 1983ರಲ್ಲಿ. ಐದು ಪಿನ್ನಿನ ಆ ಕೇಬಲ್ಲಿನ ವೇಗ ಇವತ್ತಿಗೂ ಸೆಕೆಂಡಿಗೆ 31,250 ಬಿಟ್. ಒಂದು ಬೈಟ್ ದಾಟಲು 10 ಬಿಟ್ ಬೇಕು, ಅಂದರೆ 0.32 ಮಿಲಿಸೆಕೆಂಡ್. ಒಂದು ಸ್ವರ ಶುರುಮಾಡುವ ಸಂದೇಶ ಸಾಮಾನ್ಯವಾಗಿ ಮೂರು ಬೈಟ್. ಅಂದರೆ ಒಂದು ಸ್ವರಕ್ಕೆ ಹತ್ತಿರಹತ್ತಿರ 1 ಮಿಲಿಸೆಕೆಂಡ್. ಸಂದೇಶಗಳು ಕಿರಿದಾದ ಬಾಗಿಲಲ್ಲಿ ಒಬ್ಬರ ಹಿಂದೆ ಒಬ್ಬರು ದಾಟುವ ಹಾಗೆ ಹೋಗುತ್ತವೆ, ಜೊತೆಯಾಗಿ ಅಲ್ಲ. ಒಂದೇ ಕೇಬಲ್ಲಿನಲ್ಲಿ ಹತ್ತು ಸ್ವರ "ಒಟ್ಟಿಗೆ" ಕಳಿಸಿದರೆ ಹತ್ತನೆಯದು ಮುಟ್ಟುವಷ್ಟರಲ್ಲಿ 7ರಿಂದ 10 ಮಿಲಿಸೆಕೆಂಡ್ ಕಳೆದಿರುತ್ತದೆ.

ಮಿಡಿ ಕ್ಲಾಕ್ ಅಂದರೆ ಒಂದು ಬೀಟಿಗೆ 24 ಟಿಕ್. ಟೆಂಪೋ 120 ಇದ್ದಾಗ, ಅಂದರೆ ನಿಮಿಷಕ್ಕೆ 120 ಬೀಟ್ ಇದ್ದಾಗ, ಒಂದು ಬೀಟ್ 500 ಮಿಲಿಸೆಕೆಂಡ್, ಹಾಗಾಗಿ ಟಿಕ್‌ನಿಂದ ಟಿಕ್‌ಗೆ 20.83 ಮಿಲಿಸೆಕೆಂಡ್. ಈ 20.83 ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಟಿಕ್‌ನಲ್ಲಿ ಟೆಂಪೋ ಇಷ್ಟು ಅಂತ ಎಲ್ಲೂ ಬರೆದಿರುವುದಿಲ್ಲ. ಟಿಕ್‌ಗಳ ನಡುವಿನ ಅಂತರ ನೋಡಿ ಸೀಕ್ವೆನ್ಸರೇ ಟೆಂಪೋ ಊಹಿಸಿಕೊಳ್ಳಬೇಕು. ಟಿಕ್ ಅಲುಗಿದರೆ ಸೀಕ್ವೆನ್ಸರೂ ಅಲುಗುತ್ತದೆ.

ಏನೇನು ಬೇಕು

ಆಡಿಯೋ ಇಂಟರ್‌ಫೇಸ್ (ಶಬ್ದವನ್ನು ಕಂಪ್ಯೂಟರಿನ ಒಳಗೆ, ಹೊರಗೆ ಒಯ್ಯುವ ಪೆಟ್ಟಿಗೆ), ಅದರ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಹಾಕಲು ಒಂದು ಆಡಿಯೋ ಕೇಬಲ್, ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್, ಚೆನ್ನಾಗಿರುವ ಒಂದು ಮಿಡಿ ಅಥವಾ ಯುಎಸ್‌ಬಿ ಕೇಬಲ್. ಜೊತೆಗೆ ಮಿಡಿ ಸಂದೇಶಗಳನ್ನು ಕಣ್ಣಾರೆ ನೋಡಲು ಒಂದು ಪುಟ್ಟ ಪ್ರೋಗ್ರಾಂ. ವಿಂಡೋಸ್‌ಗೆ ಮಿಡಿ-ಆಕ್ಸ್, ಮ್ಯಾಕ್‌ಗೆ ಮಿಡಿ ಮಾನಿಟರ್ ಇವೆ. ಎರಡೂ ಉಚಿತ.

ಹಂತ 1: ಕ್ಲಾಕ್ ಯಾರದ್ದು ಅಂತ ಮೊದಲು ತೀರ್ಮಾನಿಸಿ

ಒಂದು ಸೆಟಪ್‌ನಲ್ಲಿ ಕ್ಲಾಕ್ ಕೊಡುವವರು ಒಬ್ಬರೇ ಇರಬೇಕು. ಅದನ್ನು ಮಾಸ್ಟರ್ ಅನ್ನೋಣ. ಉಳಿದದ್ದೆಲ್ಲ ಹಿಂಬಾಲಿಸಬೇಕು. ಸದ್ಯಕ್ಕೆ ಕಂಪ್ಯೂಟರ್ ಮಾಸ್ಟರ್ ಅಂತಿಟ್ಟುಕೊಳ್ಳಿ. ಸಾಫ್ಟ್‌ವೇರಿನಲ್ಲಿ ಆ ಒಂದು ಪೋರ್ಟಿಗೆ ಮಾತ್ರ ಕ್ಲಾಕ್ ಕಳಿಸುವುದನ್ನು ಆನ್ ಮಾಡಿ. ಬೇರೆ ಪೋರ್ಟುಗಳಲ್ಲಿ ಆಫ್ ಮಾಡಿ. ಸೀಕ್ವೆನ್ಸರಿನಲ್ಲಿ ಕ್ಲಾಕ್ ಆಯ್ಕೆಯನ್ನು ಹೊರಗಿನದಕ್ಕೆ ಬದಲಿಸಿ. "ಆಟೋ" ಆಯ್ಕೆ ಇದ್ದರೆ ಸದ್ಯಕ್ಕೆ ಅದನ್ನು ನಂಬಬೇಡಿ. ಯುಎಸ್‌ಬಿಯೋ ಮಿಡಿಯೋ ಅಂತ ನೀವೇ ಆರಿಸಿ.

ಎಚ್ಚರ: ಒಂದೇ ಸಾಧನಕ್ಕೆ ಯುಎಸ್‌ಬಿ ಮತ್ತು ಐದು ಪಿನ್ನಿನ ಕೇಬಲ್ ಎರಡನ್ನೂ ಹಾಕಿ ಎರಡರಲ್ಲೂ ಕ್ಲಾಕ್ ಕಳಿಸಬೇಡಿ. ಎರಡೆರಡು ಟಿಕ್ ಬಂದು ಸೀಕ್ವೆನ್ಸರ್ ದುಪ್ಪಟ್ಟು ವೇಗದಲ್ಲಿ ಓಡಬಹುದು, ಇಲ್ಲವೇ ತಡವರಿಸಬಹುದು.

ಇನ್ನೊಂದು ಎಚ್ಚರ: ಸೀಕ್ವೆನ್ಸರಿಗೆ ಬಂದ ಸಂದೇಶವನ್ನು ಅದು ತಿರುಗಿ ಕಂಪ್ಯೂಟರಿಗೇ ಕಳಿಸುತ್ತಿರಬಹುದು. ಸಾಫ್ಟ್‌ವೇರ್ ಅದನ್ನು ಮತ್ತೆ ಸೀಕ್ವೆನ್ಸರಿಗೆ ಕಳಿಸಿದರೆ ಅಲ್ಲಿಗೊಂದು ಸುತ್ತು ಆಯಿತು. ಇದನ್ನು ಮಿಡಿ ಲೂಪ್ ಅನ್ನುತ್ತಾರೆ. ಸ್ವರಗಳು ಎರಡೆರಡು ಸಲ ಬರುವುದು, ಟೆಂಪೋ ಎಡವುವುದು ಇದರ ಗುರುತು. ವಾಪಸ್ ಬರುವ ಮಿಡಿ ಕೇಬಲ್ ಕಿತ್ತು ನೋಡಿ. ತೊಂದರೆ ನಿಂತರೆ ಕಾರಣ ಇದೇ.

ಹಂತ 2: ಸೆಟಪ್ಪನ್ನು ಚಿಕ್ಕದು ಮಾಡಿ

ಒಂದು ಸಾಧನ, ಒಂದು ಕೇಬಲ್. ಯುಎಸ್‌ಬಿ ಹಬ್ ಬೇಡ, ನೇರವಾಗಿ ಕಂಪ್ಯೂಟರಿಗೇ ಹಾಕಿ. ಬ್ಲೂಟೂತ್ ಮಿಡಿ ಇದ್ದರೆ ಈ ಪರೀಕ್ಷೆ ಮುಗಿಯುವವರೆಗೆ ಪಕ್ಕಕ್ಕಿಡಿ. ಹೊಸ ಪ್ರಾಜೆಕ್ಟ್ ತೆರೆಯಿರಿ, ಪ್ಲಗ್‌ಇನ್ (ಸಾಫ್ಟ್‌ವೇರಿಗೆ ಸೇರಿಸುವ ಎಫೆಕ್ಟ್, ವಾದ್ಯ) ಒಂದೂ ಬೇಡ. ಸ್ವಿಂಗ್ (ಕೆಲವು ಹೊಡೆತಗಳನ್ನು ಬೇಕಂತಲೇ ತಡ ಮಾಡುವ ಸೆಟ್ಟಿಂಗ್) ಎರಡೂ ಕಡೆ ಆಫ್ ಇರಲಿ. ಸೀಕ್ವೆನ್ಸರಿನಲ್ಲಿ ಸ್ವಿಂಗ್ ಆನ್ ಇದ್ದು, ಅದನ್ನೇ ಜಿಟ್ಟರ್ ಅಂದುಕೊಂಡು ತಿಂಗಳುಗಟ್ಟಲೆ ಒದ್ದಾಡುವವರಿದ್ದಾರೆ.

ಹಂತ 3: ಅಳತೆಗೋಲನ್ನೇ ಮೊದಲು ಅಳೆಯಿರಿ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ರೆಕಾರ್ಡ್ ಮಾಡುವಾಗ ಇಂಟರ್‌ಫೇಸೇ ಒಂದಷ್ಟು ತಡ ಸೇರಿಸುತ್ತದೆ. ಸಾಫ್ಟ್‌ವೇರ್ ಅದನ್ನು ಲೆಕ್ಕ ಹಾಕಿ ಕಳೆಯುತ್ತದೆ. ಆದರೆ ಆ ಲೆಕ್ಕ ಯಾವಾಗಲೂ ಸರಿಯಿರುವುದಿಲ್ಲ. ಅದು ತಪ್ಪಿದ್ದರೆ ನೀವು ಸೀಕ್ವೆನ್ಸರನ್ನು ದೂರುತ್ತೀರಿ, ತಪ್ಪು ಇಂಟರ್‌ಫೇಸಿನದು.

ಒಂದು ಟ್ರ್ಯಾಕಿನಲ್ಲಿ ಚಿಕ್ಕ, ಚೂಪಾದ ಕ್ಲಿಕ್ ಶಬ್ದವನ್ನು ಸರಿಯಾಗಿ ಬೀಟಿನ ಮೇಲೆ ಇಡಿ. ಇಂಟರ್‌ಫೇಸಿನ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಕೇಬಲ್ ಹಾಕಿ, ಆ ಕ್ಲಿಕ್ಕನ್ನು ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ರೆಕಾರ್ಡ್ ಆಗುವ ಟ್ರ್ಯಾಕಿನ ಮಾನಿಟರ್ (ಒಳಬರುವ ಶಬ್ದವನ್ನು ಆಗಲೇ ಕೇಳಿಸುವ ಆಯ್ಕೆ) ಆಫ್ ಇರಲಿ, ಇಲ್ಲದಿದ್ದರೆ ಫೀಡ್‌ಬ್ಯಾಕ್ ಕಿರುಚುತ್ತದೆ. ಈಗ ಎರಡನ್ನೂ ದೊಡ್ಡದು ಮಾಡಿ ನೋಡಿ. ಒಂದರ ಕೆಳಗೆ ಒಂದು ಸರಿಯಾಗಿ ಕೂತಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಎಷ್ಟು ಸ್ಯಾಂಪಲ್ (ಡಿಜಿಟಲ್ ಶಬ್ದದ ಅತಿ ಚಿಕ್ಕ ತುಣುಕು) ವ್ಯತ್ಯಾಸ ಅಂತ ಎಣಿಸಿ, ಸಾಫ್ಟ್‌ವೇರಿನ ರೆಕಾರ್ಡಿಂಗ್ ಆಫ್‌ಸೆಟ್ ಸೆಟ್ಟಿಂಗಿನಲ್ಲಿ ತಿದ್ದಿ. ಸೆಕೆಂಡಿಗೆ 44,100 ಸ್ಯಾಂಪಲ್ ಇರುವಾಗ 1 ಮಿಲಿಸೆಕೆಂಡ್ ಅಂದರೆ ಸುಮಾರು 44 ಸ್ಯಾಂಪಲ್. 48,000 ಇದ್ದರೆ 48.

ಹಂತ 4: ಈಗ ಸೀಕ್ವೆನ್ಸರನ್ನು ಅಳೆಯಿರಿ

ಸೀಕ್ವೆನ್ಸರಿನಲ್ಲಿ ತಟ್ಟನೆ ಶುರುವಾಗುವ ಶಬ್ದ ಆರಿಸಿ, ರಿಮ್‌ಶಾಟ್ ಅಥವಾ ಮುಚ್ಚಿದ ಹೈಹ್ಯಾಟ್. ನಿಧಾನಕ್ಕೆ ಏರುವ ಶಬ್ದದಲ್ಲಿ ಆರಂಭ ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ಪ್ರತಿ ಬೀಟಿಗೆ ಒಂದು ಹೊಡೆತ ಹಾಕಿ. ಟೆಂಪೋ 120 ಇರಲಿ. ಲೂಪ್ ಆಫ್ ಮಾಡಿ ಐದು ನಿಮಿಷ ರೆಕಾರ್ಡ್ ಮಾಡಿ.

ಆಮೇಲೆ ಶುರುವಿನ ಹದಿನಾರು ಹೊಡೆತ, ನಡುವಿನ ಹದಿನಾರು, ಕೊನೆಯ ಹದಿನಾರು ನೋಡಿ. ಪ್ರತಿಯೊಂದೂ ಗ್ರಿಡ್ ಗೆರೆಯಿಂದ (ಸಾಫ್ಟ್‌ವೇರ್ ಬೀಟ್ ತೋರಿಸುವ ಗೆರೆ) ಎಷ್ಟು ದೂರ ಅಂತ ಬರೆದುಕೊಳ್ಳಿ. ಬೇಜಾರಿನ ಕೆಲಸ ನಿಜ, ಆದರೆ ಇಲ್ಲಿಂದ ಮುಂದಿನ ದಾರಿಯೆಲ್ಲ ಈ ಸಂಖ್ಯೆಗಳೇ ಹೇಳುತ್ತವೆ.

8.8, 9.1, 9.3, 9.0 ಈ ಥರ ಇದ್ದರೆ ಅದು ಲೇಟೆನ್ಸಿ. ಹಂತ 5ಕ್ಕೆ ಹೋಗಿ.

4, 13, 7, 10 ಈ ಥರ ಇದ್ದರೆ ಜಿಟ್ಟರ್. ಹಂತ 6.

ಶುರುವಿನಲ್ಲಿ 5, ನಡುವೆ 20, ಕೊನೆಗೆ 40 ಅಂತ ಬೆಳೆಯುತ್ತಿದ್ದರೆ ಡ್ರಿಫ್ಟ್. ಹಂತ 7.

ಎಲ್ಲೋ ಒಂದು ಕಡೆ ತಟ್ಟನೆ 21 ಮಿಲಿಸೆಕೆಂಡ್ ಹಿಂದೆ ಬಿದ್ದು, ಅಲ್ಲಿಂದ ಮುಂದೆ ಹಾಗೇ ಉಳಿದಿದೆಯಾ? ಅದು ಬೇರೆಯೇ ರೋಗ. 120ರಲ್ಲಿ ಒಂದು ಟಿಕ್ ಅಂದರೆ 20.83 ಅಲ್ವಾ? ಅಂದರೆ ಒಂದು ಟಿಕ್ ದಾರಿಯಲ್ಲೇ ಕಳೆದುಹೋಗಿದೆ. ಅಷ್ಟೇ ಮುಂದಕ್ಕೆ ಜಿಗಿದಿದ್ದರೆ ಒಂದು ಟಿಕ್ ಹೆಚ್ಚಿಗೆ ಬಂದಿದೆ. ಕೇಬಲ್, ಹಬ್, ಅಗ್ಗದ ಯುಎಸ್‌ಬಿ-ಮಿಡಿ ಅಡಾಪ್ಟರ್, ಈ ಕ್ರಮದಲ್ಲಿ ಒಂದೊಂದನ್ನೇ ಬದಲಿಸಿ ಮತ್ತೆ ಅಳೆಯಿರಿ.

ಎಷ್ಟು ಅಲುಗಾಟ ಪರವಾಗಿಲ್ಲ? 1ರಿಂದ 2 ಮಿಲಿಸೆಕೆಂಡ್ ಇದ್ದರೆ ಬಿಟ್ಟುಬಿಡಿ, ಹಾಡು ಮಾಡಿ. ತಾಳವಾದ್ಯಗಳಲ್ಲಿ 5 ದಾಟಿದರೆ ಸರಿಪಡಿಸಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದು ವಿಷಯದಲ್ಲಿ ಮಾತ್ರ ಇನ್ನೂ ಬಿಗಿಯಾಗಿರಿ: ಸೀಕ್ವೆನ್ಸರಿನ ಕಿಕ್ ಮೇಲೆ ಕಂಪ್ಯೂಟರಿನ ಕಿಕ್ ಪೇರಿಸುವಾಗ. 60 ಹರ್ಟ್ಜ್ ಶಬ್ದದ ಅರ್ಧ ಅಲೆ 8.3 ಮಿಲಿಸೆಕೆಂಡ್. ಎರಡು ಕಿಕ್ ಅಷ್ಟು ಅಂತರದಲ್ಲಿ ಬಿದ್ದರೆ ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಬೇಸ್ ತೆಳುವಾಗುತ್ತದೆ. ಜಿಟ್ಟರ್ ಇದ್ದರೆ ಒಂದು ಕಿಕ್ ದಪ್ಪ, ಮುಂದಿನದು ತೆಳು. ಅಂಥ ಕಡೆ ಎರಡನ್ನೂ ಲೈವ್ ಆಗಿ ಪೇರಿಸಬೇಡಿ. ರೆಕಾರ್ಡ್ ಮಾಡಿ ಕೈಯಿಂದ ಸರಿಸಿ ಕೂರಿಸಿ.

ಹಂತ 5: ಲೇಟೆನ್ಸಿಗೆ ಆಫ್‌ಸೆಟ್

ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಕ್ಲಾಕನ್ನು ಹಿಂದೆ ಮುಂದೆ ಸರಿಸುವ ಸೆಟ್ಟಿಂಗ್ ಇರುತ್ತದೆ. ಏಬಲ್ಟನ್ ಲೈವ್‌ನಲ್ಲಿ ಅದರ ಹೆಸರು ಮಿಡಿ ಕ್ಲಾಕ್ ಸಿಂಕ್ ಡಿಲೇ. ಪ್ರತಿ ಪೋರ್ಟಿಗೂ ಅದು ಬೇರೆ ಬೇರೆ. ಅಳತೆಯಲ್ಲಿ ಸರಾಸರಿ 9 ಬಂದಿದ್ದರೆ ಕ್ಲಾಕನ್ನು 9 ಮಿಲಿಸೆಕೆಂಡ್ ಮೊದಲೇ ಕಳಿಸಬೇಕು. ಮೈನಸ್ ಹಾಕಬೇಕೋ ಪ್ಲಸ್ಸೋ ಅನ್ನುವ ಗೊಂದಲ ಇದ್ದರೆ ಒಮ್ಮೆ 50 ಅಂತ ದೊಡ್ಡ ಸಂಖ್ಯೆ ಹಾಕಿ ಕೇಳಿ. ಯಾವ ಕಡೆ ಸರಿಯಿತು ಅಂತ ಕಿವಿಗೇ ಗೊತ್ತಾಗುತ್ತದೆ. ಆಮೇಲೆ ಮತ್ತೆ ಅಳೆದು ನೋಡಿ.

ಇಲ್ಲಿ ಒಂದು ಬಲೆ ಇದೆ. ಸೀಕ್ವೆನ್ಸರಿನ ಶಬ್ದವನ್ನು ನೀವು ಯಾವ ದಾರಿಯಿಂದ ಕೇಳುತ್ತಿದ್ದೀರಿ? ಸಾಫ್ಟ್‌ವೇರಿನ ಒಳಗೆ ಹೋಗಿ ಹೊರಗೆ ಬಂದರೆ ಅದಕ್ಕೆ ಹೋಗಿಬರುವ ತಡ ಸೇರುತ್ತದೆ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿಂಗ್ ಮೂಲಕ, ಅಂದರೆ ಕಂಪ್ಯೂಟರಿಗೆ ಹೋಗದೆ ನೇರವಾಗಿ, ಕೇಳಿದರೆ ಆ ತಡ ಇರುವುದಿಲ್ಲ. ಸಾಫ್ಟ್‌ವೇರ್ ಮೂಲಕ ಕೇಳುತ್ತಾ ಕಿವಿಯ ಅಂದಾಜಿನಲ್ಲಿ ಆಫ್‌ಸೆಟ್ ಹೊಂದಿಸಿದರೆ, ಕೇಳುವಾಗ ಸರಿಯಿರುತ್ತದೆ, ರೆಕಾರ್ಡ್ ಆದದ್ದು ಮಾತ್ರ ಗ್ರಿಡ್‌ಗಿಂತ ಮೊದಲೇ ಬಿದ್ದಿರುತ್ತದೆ. ಹಾಗಾಗಿ ಹೊಂದಿಸುವಾಗ ಡೈರೆಕ್ಟ್ ಮಾನಿಟರಿಂಗ್ ಬಳಸಿ. ಹಂತ 3 ಸರಿಯಾಗಿ ಮಾಡಿದ್ದರೆ, ಕೇಳಿದ್ದೂ ರೆಕಾರ್ಡ್ ಆದದ್ದೂ ಆಗ ಒಂದಾಗುತ್ತವೆ.

ಹಂತ 6: ಜಿಟ್ಟರ್ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ

ಇದೇ ನಿಜವಾದ ಕೆಲಸ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲ ಮತ್ತೆ ಅಳೆಯಿರಿ. ಐದು ನಿಮಿಷ ಬೇಡ, ಹದಿನಾರು ಹೊಡೆತ ಸಾಕು.

ಮೊದಲು ಬಫರ್. ಕಂಪ್ಯೂಟರ್ ಶಬ್ದವನ್ನು ಕಂತು ಕಂತಾಗಿ ಲೆಕ್ಕ ಹಾಕುತ್ತದೆ. ಒಂದು ಕಂತಿನ ಗಾತ್ರವೇ ಬಫರ್. 44,100ರಲ್ಲಿ 512 ಸ್ಯಾಂಪಲ್ ಬಫರ್ ಅಂದರೆ 11.6 ಮಿಲಿಸೆಕೆಂಡ್. 128 ಅಂದರೆ 2.9. ಕೆಲವು ಸಾಫ್ಟ್‌ವೇರ್‌ಗಳು ಕ್ಲಾಕ್ ಟಿಕ್‌ಗಳನ್ನೂ ಈ ಕಂತಿನ ಜೊತೆಗೇ ಹೊರಗೆ ಬಿಡುತ್ತವೆ. ಆಗ ಟಿಕ್ ತನ್ನ ಸಮಯಕ್ಕೆ ಹೋಗುವುದಿಲ್ಲ, ಕಂತಿನ ಸಮಯಕ್ಕೆ ಹೋಗುತ್ತದೆ. ಪರೀಕ್ಷೆ ಸುಲಭ. 512ರಲ್ಲಿ ಒಮ್ಮೆ, 128ರಲ್ಲಿ ಒಮ್ಮೆ ಅಳೆಯಿರಿ. ಅಲುಗಾಟ ಬಫರ್ ಜೊತೆಗೇ ಕುಗ್ಗಿದರೆ ಕಾರಣ ಸಿಕ್ಕಿತು. ಕುಗ್ಗದಿದ್ದರೆ ಬಫರನ್ನು ಮತ್ತಷ್ಟು ಇಳಿಸಿ ಪ್ರಯೋಜನವಿಲ್ಲ, ಪ್ರೊಸೆಸರಿಗೆ ಹೊರೆ ಅಷ್ಟೇ.

ಆಮೇಲೆ ಕೇಬಲ್ಲಿನ ಜನಜಂಗುಳಿ. ಕ್ಲಾಕ್ ಹೋಗುವ ಕೇಬಲ್ಲಿನಲ್ಲೇ ಸ್ವರಗಳು, ನಾಬ್ ತಿರುಗಿಸಿದ ಕಂಟ್ರೋಲ್ ಸಂದೇಶಗಳು, ಆಫ್ಟರ್‌ಟಚ್ (ಕೀಲಿಯನ್ನು ಎಷ್ಟು ಒತ್ತಿ ಹಿಡಿದಿದ್ದೀರಿ ಅನ್ನುವ ಸಂದೇಶ) ಎಲ್ಲ ಹೋಗುತ್ತಿವೆಯಾ? ನಿಯಮದ ಪ್ರಕಾರ ಕ್ಲಾಕ್ ಟಿಕ್‌ಗೆ ಮೊದಲ ಮರ್ಯಾದೆ. ಇನ್ನೊಂದು ಸಂದೇಶದ ಎರಡು ಬೈಟ್‌ಗಳ ನಡುವೆಯೂ ಅದು ನುಗ್ಗಬಹುದು. ಆದರೆ ಎಲ್ಲ ಡ್ರೈವರ್, ಎಲ್ಲ ಇಂಟರ್‌ಫೇಸ್ ಇದನ್ನು ಚೆನ್ನಾಗಿ ಪಾಲಿಸುವುದಿಲ್ಲ. ಮೊದಲ ಬೀಟಿನ ಮೇಲೆ ಎಲ್ಲ ವಾದ್ಯಗಳೂ ಒಟ್ಟಿಗೆ ಶುರುವಾಗುತ್ತವೆ, ಅಲ್ಲೇ ದಟ್ಟಣೆಯೂ ಜಾಸ್ತಿ. ಸಾಧ್ಯವಿದ್ದರೆ ಕ್ಲಾಕಿಗೇ ಒಂದು ಪೋರ್ಟ್ ಮೀಸಲಿಡಿ. ಆಗದಿದ್ದರೆ ಬೇಡದ ಆಟೋಮೇಷನ್ (ನಾಬ್‌ಗಳನ್ನು ತಾನಾಗಿ ತಿರುಗಿಸುವ ಸಂದೇಶಗಳು) ತೆಗೆಯಿರಿ, ನಿಧಾನಕ್ಕೆ ಏರುವ ಪ್ಯಾಡ್ ಶಬ್ದಗಳನ್ನು ಕೆಲವು ಮಿಲಿಸೆಕೆಂಡ್ ಹಿಂದಕ್ಕೆ ತಳ್ಳಿ. ಡ್ರಮ್‌ಗೆ ದಾರಿ ಸಿಗುತ್ತದೆ, ಪ್ಯಾಡ್ ತಡವಾದದ್ದು ಯಾರಿಗೂ ತಿಳಿಯುವುದಿಲ್ಲ.

ಸಾಧನಗಳ ಸರಪಳಿಯೂ ಒಂದು ಕಾರಣ. ಒಂದರ ಥ್ರೂನಿಂದ (ಬಂದ ಸಂದೇಶವನ್ನು ಹಾಗೇ ಮುಂದಕ್ಕೆ ಕಳಿಸುವ ಪೋರ್ಟ್) ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಅಂತ ಹೋಗುತ್ತಿದ್ದರೆ ಗಮನಿಸಿ. ನಿಜವಾದ ಥ್ರೂ ಪೋರ್ಟ್ ಸೇರಿಸುವ ತಡ ತೀರಾ ಕಡಿಮೆ. ಆದರೆ ಕೆಲವು ಸಾಧನಗಳಲ್ಲಿ ಔಟ್ ಪೋರ್ಟೇ ಥ್ರೂ ಕೆಲಸವನ್ನೂ ಮಾಡುತ್ತದೆ. ಅಲ್ಲಿ ಒಳಗಿನ ಪ್ರೊಸೆಸರ್ ಸಂದೇಶವನ್ನು ಓದಿ ಮತ್ತೆ ಕಳಿಸುತ್ತದೆ, ತಡವೂ ಅಲುಗಾಟವೂ ಸೇರುತ್ತವೆ. ಮೂರಕ್ಕಿಂತ ಹೆಚ್ಚು ಸಾಧನಗಳಿದ್ದರೆ ಒಂದು ಥ್ರೂ ಬಾಕ್ಸ್ ತಗೊಳ್ಳಿ. ಅದು ಒಂದು ಇನ್‌ಪುಟ್ಟನ್ನು ಹಲವು ಔಟ್‌ಪುಟ್‌ಗಳಿಗೆ ಒಟ್ಟಿಗೆ ಹಂಚುತ್ತದೆ. ಕೇಬಲ್ 15 ಮೀಟರ್ ದಾಟದಿರಲಿ.

ಕೊನೆಗೆ ಕಂಪ್ಯೂಟರ್. ವಿದ್ಯುತ್ ಉಳಿಸುವ ಮೋಡ್ ಆಫ್ ಮಾಡಿ. ವಿಂಡೋಸ್‌ನಲ್ಲಿ ಯುಎಸ್‌ಬಿ ಪೋರ್ಟನ್ನು ಮಲಗಿಸುವ ಸೆಟ್ಟಿಂಗ್ ಇದೆ, ಅದನ್ನೂ ಆಫ್ ಮಾಡಿ. ವೈಫೈ, ಬ್ಲೂಟೂತ್ ಆಫ್ ಮಾಡಿ ಒಮ್ಮೆ ಅಳೆಯಿರಿ. ವ್ಯತ್ಯಾಸ ಕಂಡರೆ ಲೇಟೆನ್ಸಿಮಾನ್ ಅನ್ನುವ ಪ್ರೋಗ್ರಾಂ ಓಡಿಸಿ. ಯಾವ ಡ್ರೈವರ್ ಕಂಪ್ಯೂಟರನ್ನು ತಡೆದು ನಿಲ್ಲಿಸುತ್ತಿದೆ ಅಂತ ಅದು ತೋರಿಸುತ್ತದೆ.

ಎಚ್ಚರ: ನಿನ್ನೆ ಸರಿಯಿದ್ದದ್ದು ಇವತ್ತು ತಪ್ಪಿದೆ ಅಂದರೆ ಹೊಸದಾಗಿ ಸೇರಿಸಿದ ಪ್ಲಗ್‌ಇನ್ ನೋಡಿ. ಮುಂದೆ ಬರುವ ಶಬ್ದವನ್ನು ಮೊದಲೇ ನೋಡಿ ಕೆಲಸ ಮಾಡುವ ಲಿಮಿಟರ್, ಲೀನಿಯರ್ ಫೇಸ್ ಈಕ್ಯೂ ಇಂಥವು ಇಡೀ ಪ್ರಾಜೆಕ್ಟನ್ನೇ ತಡ ಮಾಡುತ್ತವೆ. ಹೊರಗೆ ಹೋಗುವ ಕ್ಲಾಕಿಗೆ ಆ ತಡ ಸೇರದಿದ್ದರೆ ಸೀಕ್ವೆನ್ಸರ್ ಮುಂದೆ ಓಡುತ್ತದೆ. ಇದು ಜಿಟ್ಟರ್ ಅಲ್ಲ, ಒಂದೇ ಸಮನಾದ ಅಂತರ. ಆದರೆ ಕಿವಿಗೆ ಗೊಂದಲವಾಗುತ್ತದೆ. ಬೈಪಾಸ್ ಮಾಡಿದರೂ ಕೆಲವು ಪ್ಲಗ್‌ಇನ್‌ಗಳ ತಡ ಹೋಗುವುದಿಲ್ಲ. ಪೂರ್ತಿ ತೆಗೆದು ನೋಡಿ.

ಹಂತ 7: ಡ್ರಿಫ್ಟ್ ಇದ್ದರೆ

ಕ್ಲಾಕನ್ನು ನಿಜವಾಗಿ ಹಿಂಬಾಲಿಸುತ್ತಿರುವ ಸಾಧನ ನಿಧಾನವಾಗಿ ದೂರ ಸರಿಯಲು ಸಾಧ್ಯವಿಲ್ಲ. ಸರಿಯುತ್ತಿದೆ ಅಂದರೆ ಅದು ಹಿಂಬಾಲಿಸುತ್ತಿಲ್ಲ. ಶುರು ಮಾಡುವ ಸಂದೇಶವನ್ನು ಮಾತ್ರ ಕೇಳಿ, ಆಮೇಲೆ ತನ್ನದೇ ಟೆಂಪೋದಲ್ಲಿ ಓಡುತ್ತಿದೆ. ಖಚಿತಪಡಿಸಿಕೊಳ್ಳಲು, ಹಾಡುತ್ತಿರುವಾಗಲೇ ಸಾಫ್ಟ್‌ವೇರಿನ ಟೆಂಪೋವನ್ನು 120ರಿಂದ 90ಕ್ಕೆ ಇಳಿಸಿ. ಸೀಕ್ವೆನ್ಸರ್ ನಿಧಾನವಾಗದಿದ್ದರೆ ಹಂತ 1ಕ್ಕೆ ವಾಪಸ್ ಹೋಗಿ ಕ್ಲಾಕ್ ಸೆಟ್ಟಿಂಗ್ ನೋಡಿ.

ಬೇಕಂತಲೇ ಕ್ಲಾಕ್ ಇಲ್ಲದೆ ಎರಡನ್ನೂ ಒಟ್ಟಿಗೆ ಓಡಿಸುವವರೂ ಇದ್ದಾರೆ. ಚಿಕ್ಕ ಹಾಡಿಗೆ ನಡೆಯುತ್ತದೆ. ಆದರೆ ಎರಡು ಸಾಧನಗಳ ಒಳಗಿನ ಗಡಿಯಾರಗಳಲ್ಲಿ ಶೇಕಡಾ 0.01 ವ್ಯತ್ಯಾಸ ಇದ್ದರೂ ಹತ್ತು ನಿಮಿಷಕ್ಕೆ 60 ಮಿಲಿಸೆಕೆಂಡ್ ಆಗುತ್ತದೆ.

ಹಂತ 8: ಮೊದಲ ಬೀಟ್ ಮಾತ್ರ ತಪ್ಪುತ್ತಿದ್ದರೆ

ಸ್ಟಾರ್ಟ್ ಸಂದೇಶ ಬಂದ ಕ್ಷಣ ಹಾಡು ಶುರುವಾಗುವುದಿಲ್ಲ. ಅದರ ನಂತರ ಬರುವ ಮೊದಲ ಟಿಕ್‌ಗೆ ಶುರುವಾಗುತ್ತದೆ. ಇವೆರಡರ ನಡುವೆ ಕನಿಷ್ಠ 1 ಮಿಲಿಸೆಕೆಂಡ್ ಅಂತರ ಇರಬೇಕು ಅಂತ ಮಿಡಿ ನಿಯಮ ಹೇಳುತ್ತದೆ. ಅಂತರ ಸಾಲದಿದ್ದರೆ ಕೆಲವು ಸಾಧನಗಳು ಆ ಟಿಕ್ಕನ್ನು ತಪ್ಪಿಸಿಕೊಂಡು, ಕೊನೆಯವರೆಗೂ ಒಂದು ಟಿಕ್ ಹಿಂದೆಯೇ ಉಳಿಯುತ್ತವೆ. ಇನ್ನು ಕೆಲವಕ್ಕೆ ಟೆಂಪೋ ಅರ್ಥವಾಗಲು ಒಂದೆರಡು ಬೀಟ್ ಬೇಕಾಗುತ್ತದೆ.

ಎರಡು ಉಪಾಯ. ಸಾಫ್ಟ್‌ವೇರ್ ನಿಂತಿದ್ದಾಗಲೂ ಕ್ಲಾಕ್ ಕಳಿಸುತ್ತಿರುವ ಆಯ್ಕೆ ಇದ್ದರೆ ಆನ್ ಮಾಡಿ. ಮತ್ತು ಹಾಡಿನ ಮುಂದೆ ಒಂದು ಖಾಲಿ ಆವರ್ತ ಬಿಡಿ. ಹಾಡಿನ ನಡುವಿನಿಂದ ಶುರು ಮಾಡಿದಾಗ ತಪ್ಪುತ್ತಿದ್ದರೆ ಸಾಂಗ್ ಪೊಸಿಷನ್ ಕಡೆ ನೋಡಿ. ಹಾಡಿನಲ್ಲಿ ಎಲ್ಲಿದ್ದೇವೆ ಅಂತ ಹೇಳುವ ಸಂದೇಶ ಅದು. ಕಾಲು ಬೀಟಿನ ಲೆಕ್ಕದಲ್ಲಿ, ಅಂದರೆ ಆರಾರು ಟಿಕ್‌ಗಳಲ್ಲಿ ಎಣಿಸುತ್ತದೆ. ಎಲ್ಲ ಸೀಕ್ವೆನ್ಸರ್‌ಗಳಿಗೂ ಅದು ಅರ್ಥವಾಗುವುದಿಲ್ಲ. ಅಂಥ ಸಾಧನವಿದ್ದರೆ ಪ್ಯಾಟರ್ನಿನ ಆರಂಭಕ್ಕೆ ಸರಿಹೊಂದುವ ಜಾಗದಿಂದಲೇ ಶುರು ಮಾಡಿ.

ಹಂತ 9: ಇಷ್ಟಾದರೂ ಸರಿಹೋಗದಿದ್ದರೆ

ದಿಕ್ಕು ಬದಲಿಸಿ ನೋಡಿ. ಹಾರ್ಡ್‌ವೇರ್ ಸೀಕ್ವೆನ್ಸರ್ ಒಂದೇ ಕೆಲಸ ಮಾಡುವ ಯಂತ್ರ, ಅದರ ಕ್ಲಾಕ್ ಸಾಮಾನ್ಯವಾಗಿ ಕಂಪ್ಯೂಟರಿನದಕ್ಕಿಂತ ಸ್ಥಿರ. ಹಲವು ಹಾರ್ಡ್‌ವೇರ್ ಸಾಧನಗಳಿದ್ದರೆ ಅದನ್ನೇ ಮಾಸ್ಟರ್ ಮಾಡಿ, ಕಂಪ್ಯೂಟರನ್ನು ಬರೀ ರೆಕಾರ್ಡರ್ ಆಗಿ ಬಳಸಿ. ಆದರೆ ಸಾಫ್ಟ್‌ವೇರಿನಲ್ಲಿ ಟೆಂಪೋಗೆ ಕಟ್ಟಿದ ಡಿಲೇ (ಪ್ರತಿಧ್ವನಿ ಎಫೆಕ್ಟ್), ಲೂಪ್ ಜಾಸ್ತಿ ಬಳಸುವವರಿಗೆ ಇದು ಹೊಂದುವುದಿಲ್ಲ. ಹೊರಗಿನ ಕ್ಲಾಕ್ ಹಿಂಬಾಲಿಸುವಾಗ ಸಾಫ್ಟ್‌ವೇರಿನ ಟೆಂಪೋ ಸಣ್ಣದಾಗಿ ಏರಿಳಿಯುತ್ತದೆ, ಡಿಲೇಯ ಶ್ರುತಿಯೂ ಅದರ ಜೊತೆ ಅಲುಗಬಹುದು.

ನಾನು ಹೆಚ್ಚು ಮೆಚ್ಚುವ ದಾರಿ ಆಡಿಯೋದಿಂದ ಕ್ಲಾಕ್ ಮಾಡುವುದು. ಇಂಟರ್‌ಫೇಸಿನಿಂದ ಹೊರಬರುವ ಆಡಿಯೋ ಸ್ಯಾಂಪಲ್ ಲೆಕ್ಕದಲ್ಲಿ ನಿಖರ. ಅದರಲ್ಲಿ ಜಿಟ್ಟರ್ ಇರಲು ಜಾಗವೇ ಇಲ್ಲ ಅನ್ನಬಹುದು. ಹಾಗಾಗಿ ಒಂದು ಆಡಿಯೋ ಔಟ್‌ಪುಟ್ಟಿನಲ್ಲಿ ಕ್ಲಾಕ್ ಸಿಗ್ನಲ್ ಕಳಿಸಿ, ಅದನ್ನು ಮಿಡಿ ಕ್ಲಾಕಾಗಿ ಬದಲಿಸುವ ಪೆಟ್ಟಿಗೆ ಇಡುತ್ತಾರೆ. ಇ-ಆರ್‌ಎಂ ಮಲ್ಟಿಕ್ಲಾಕ್, ಎಕ್ಸ್‌ಪರ್ಟ್ ಸ್ಲೀಪರ್ಸ್‌ನ ಯುಸಾಮೊ ಈ ಜಾತಿಯವು. ಕೋರ್ಗ್ ವೋಲ್ಕಾದಂಥ ಸಿಂಕ್ ಜ್ಯಾಕ್ ಇರುವ ಸಾಧನಕ್ಕೆ ಪೆಟ್ಟಿಗೆಯೂ ಬೇಡ. ಚಿಕ್ಕ ಪಲ್ಸ್ ಶಬ್ದವನ್ನು ಒಂದು ಟ್ರ್ಯಾಕಿನಲ್ಲಿಟ್ಟು ನೇರ ಕೇಬಲ್ ಹಾಕಬಹುದು. ವೋಲ್ಕಾ ಬೀಟಿಗೆ ಎರಡು ಪಲ್ಸ್ ಬಯಸುತ್ತದೆ. ಬೇರೆ ಸಾಧನಗಳ ಲೆಕ್ಕ ಬೇರೆ, ಕೈಪಿಡಿ ನೋಡಿ. ವೇಗ ಅರ್ಧ ಅಥವಾ ದುಪ್ಪಟ್ಟು ಬಂದರೆ ಈ ಲೆಕ್ಕ ತಪ್ಪಿದೆ ಅಂತಲೇ ಅರ್ಥ.

ಎಚ್ಚರ: ಆ ಪಲ್ಸ್ ಟ್ರ್ಯಾಕ್ ಸ್ಪೀಕರಿಗೋ ಹೆಡ್‌ಫೋನಿಗೋ ಹೋಗದ ಹಾಗೆ ಮೊದಲೇ ನೋಡಿಕೊಳ್ಳಿ. ಪೂರ್ತಿ ವಾಲ್ಯೂಮಿನ ಕ್ಲಿಕ್ ಕಿವಿಗೆ ಒಳ್ಳೆಯದಲ್ಲ. ಅದರ ಮೇಲೆ ಯಾವ ಎಫೆಕ್ಟೂ ಬೇಡ.

ಎಲ್ಲ ಸರಿಯಾದ ಮೇಲೆ ಆಫ್‌ಸೆಟ್ ಸಂಖ್ಯೆಯ ಜೊತೆ ಬಫರ್ ಗಾತ್ರ, ಸ್ಯಾಂಪಲ್ ರೇಟ್, ಯಾವ ಪೋರ್ಟ್ ಅಂತಲೂ ಬರೆದಿಡಿ. ಈ ಮೂರರಲ್ಲಿ ಒಂದು ಬದಲಾದರೂ ಹಳೆಯ ಸಂಖ್ಯೆ ಕೆಲಸಕ್ಕೆ ಬರುವುದಿಲ್ಲ, ಹಂತ 3ರಿಂದ ಮತ್ತೆ ಅಳೆಯಬೇಕು. ಸಾಫ್ಟ್‌ವೇರ್ ಅಥವಾ ಡ್ರೈವರ್ ಅಪ್‌ಡೇಟ್ ಮಾಡಿದಾಗಲೂ ಅಷ್ಟೇ.